ಚಪ್ಪಡಿಯ ಮೇಲಿನ ಸದ್ದು

ಮಾರ್ಚ್ 3, ಸೋಮವಾರ

ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮುದುಕಿಯನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆ. ನಮ್ಮ ಗೇಟಿನ ಮುಂದೆ ಮೋರಿಗೆ ಮುಚ್ಚಿದ ಕಲ್ಲುಚಪ್ಪಡಿ ಒಂದು ಕಡೆ ಎದ್ದು ನಿಂತಿದೆ. ಅದರ ಮೇಲೆ ಕಾರಿನ ಹಿಂದಿನ ಚಕ್ರ ಹತ್ತಿ ಇಳಿದ ಕೂಡಲೇ ಡಿಕ್ಕಿಯ ಕೆಳಗಿನಿಂದ ಲೊಟಕ್ ಎಂಬ ಸದ್ದು, ಅದರ ಬೆನ್ನಿಗೇ ಹಿಂದಿನ ಸೀಟಿನಿಂದ 'ಅಯ್ಯಮ್ಮಾ'. ರಸ್ತೆಯಲ್ಲಿ ಎಷ್ಟು ಹಳ್ಳವೋ ಅಷ್ಟು ಲೊಟಕ್, ಅಷ್ಟು ಅಯ್ಯಮ್ಮಾ. ನಾವು ಹೊರಟದ್ದೂ ಇಡೀ ಬೀದಿಗೆ ಗೊತ್ತಾಗುತ್ತದೆ, ಬಂದದ್ದೂ ಗೊತ್ತಾಗುತ್ತದೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಬೆನ್ನುಮೂಳೆ ಬಿರುಕು ಕೂಡ್ತಾ ಇದೆ. ಆದ್ರೆ ಕುಲುಕಾಟ ಮಾತ್ರ ಆಗ್ಬಾರ್ದು. ಇವರು ನಿಮ್ಮ ತಾಯಿ ಅಲ್ವಾ?" ಎಂದರು. "ಅಲ್ಲ, ಅತ್ತೆ" ಎಂದೆ. ಅತ್ತೆ ಎನ್ನುವುದು ಕೂಡ ಈಗ ಎಷ್ಟು ಸರಿಯೋ. ಗಂಡ ಎನಿಸಿಕೊಂಡವನು ಮನೆ ಬಿಟ್ಟು ಇನ್ನೊಬ್ಬಳ ಜೊತೆ ಬೇರೆ ಊರಿನಲ್ಲಿ ಸಂಸಾರ ಹೂಡಿ ವರ್ಷವಾಗುತ್ತ ಬಂತು. ಹೋಗುವಾಗ ಎರಡನ್ನು ಬಿಟ್ಟು ಹೋದ: ಹಿಂಭಾಗ ಕುಟ್ಟುವ ಕಾರು ಮತ್ತು ತಾಯಿ. ಎರಡೂ ಅವನವೇ, ಸಾಕುವವಳು ಮಾತ್ರ ನಾನು. ಚಳಿಗಾಲದಲ್ಲಿ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನು ಮುರಿದುಕೊಂಡ ಮೇಲಂತೂ ನನ್ನ ಪಾಡು ಯಾರಿಗೂ ಬೇಡ.

ಬಂದವಳೇ ಅವನಿಗೆ ಫೋನ್ ಮಾಡಿದೆ. ನಿನ್ನ ತಾಯಿಯನ್ನು ನೀನು ಕರೆದುಕೊಂಡು ಹೋಗು ಎಂದೆ. ಅವನ ಗಂಟಲಿಗೆ ಬೆಣ್ಣೆ ಸವರಿದ ಹಾಗಿತ್ತು. "ಬೇಡ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಆ ಗಾಡಿ ಹೇಗೆ ಕುಟ್ಟುತ್ತೆ ಅಂತ ನಿಂಗೇ ಗೊತ್ತು. ಅರ್ಧ ದಿನದ ದಾರಿ. ಅಮ್ಮನ ಬೆನ್ನು ಏನಾಗ್ಬೇಕು? ಗಾಡಿ ಸರಿ ಇದ್ದಿದ್ರೆ ಬೇರೆ ಮಾತು."

ಟ್ಯಾಕ್ಸಿ ಮಾಡೋಣವೇ ಎಂದು ಮುದುಕಿಯನ್ನು ಕೇಳಿದೆ. "ಗುರುತು ಪರಿಚಯ ಇಲ್ಲದವನ ಹಿಂದೆ ಬೆನ್ನಿಗೆ ಪಟ್ಟಿ ಕಟ್ಕೊಂಡು ನರಳ್ತಾ ಕೂತ್ಕೊಳ್ಲಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸರಿ. ಅವನಿಗೆ ಇರುವುದು ಒಂದೇ ನೆಪ, ಆ ಲೊಟಕ್. ಅದನ್ನು ತೆಗೆದುಬಿಡುತ್ತೇನೆ. ಗಾಡಿ ಸರಿಹೋದ ಮರು ಭಾನುವಾರವೇ ಮುದುಕಿಯನ್ನು ಅವನ ಬಾಗಿಲಲ್ಲಿ ಇಳಿಸಿ, ತಿರುಗಿ ನೋಡದೆ ಬರುತ್ತೇನೆ.

ಮಾರ್ಚ್ 5, ಬುಧವಾರ

ಗ್ಯಾರೇಜಿಗೆ ಹೋಗುವುದಿಲ್ಲ. ಗ್ಯಾರೇಜಿನವನು ಅವನ ಇಸ್ಪೀಟು ಜೊತೆಗಾರ. ಆ ಹೆಂಗಸಿನ ವಿಷಯ ನನಗಿಂತ ಮೊದಲು ಗೊತ್ತಾದದ್ದು ಈ ಗ್ಯಾರೇಜಿನವನಿಗೆ. ಒಂದೊಂದು ನಟ್ಟು ಬಿಚ್ಚುವಾಗಲೂ ಅವನು ಮೀಸೆಯಡಿ ನಗುವುದನ್ನು ನೋಡಿಕೊಂಡು ನಿಲ್ಲಲು ನನ್ನಿಂದಾಗದು. ನಾನೇ ಮಾಡುತ್ತೇನೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸ ನನ್ನದು. ಸಾಸಿವೆ ಕಾಳಿನಂಥ ತಿರುಪನ್ನು ಬಿಚ್ಚಿ ಹಾಕುವವಳಿಗೆ ಹೆಬ್ಬೆರಳು ಗಾತ್ರದ ಬೋಲ್ಟು ಏನು ಮಹಾ? ಅಂಗಡಿಯಿಂದ ಬಂದು, ಫೋನಿನಲ್ಲಿ ಒಂದು ವಿಡಿಯೋ ನೋಡಿ, ಗಾಡಿಯ ಕೆಳಗೆ ಟಾರ್ಚು ಬಿಟ್ಟು ಇಣುಕಿದೆ. ಹಿಂದಿನ ಎರಡೂ ಚಕ್ರದ ಹತ್ತಿರ ನಿಲ್ಲಿಸಿದ ಕೊಳವೆಗಳೇ ಶಾಕ್ ಅಬ್ಸಾರ್ಬರ್‌ಗಳು. ಅವುಗಳ ಕೆಳತುದಿಯ ಬಳೆಯೊಳಗೆ ರಬ್ಬರಿನ ಬುಷ್ ಇದೆ, ಅದರ ನಡುವೆ ತೂರಿದ ಬೋಲ್ಟು ಅದನ್ನು ಗಾಡಿಗೆ ಹಿಡಿದಿಡುತ್ತದೆ. ಆ ರಬ್ಬರು ಒಣಗಿ, ಸೀಳಿ, ಅರ್ಧ ಉದುರಿಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ. ಇಷ್ಟೇ ಕಥೆ. ಈ ಅಂಗೈಯಗಲದ ರಬ್ಬರಿನ ಮರೆಯಲ್ಲಿ ಒಬ್ಬ ಗಂಡಸು ಅಡಗಿ ಕೂತಿದ್ದಾನೆ.

ಮಾರ್ಚ್ 8, ಶನಿವಾರ

ಬಿಡಿಭಾಗದ ಅಂಗಡಿಯವನು ಬುಷ್ ಎಂದ ಕೂಡಲೇ ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದ. "ಯಜಮಾನ್ರನ್ನ ಕಳ್ಸಿ ಮೇಡಂ, ಅವ್ರಿಗೆ ಗೊತ್ತಾಗುತ್ತೆ."

"ಕಳಿಸೋಕೆ ಅವ್ರು ನನ್ನ ಹತ್ರ ಇಲ್ಲ. ನೀವು ಬುಷ್ ಕೊಡಿ" ಎಂದೆ.

ಪಾಪ, ತೀರಿಕೊಂಡರು ಎಂದುಕೊಂಡನೇನೋ, ಮುಖ ಸಣ್ಣ ಮಾಡಿಕೊಂಡು ಒಳ್ಳೆಯ ಬುಷ್ ಹುಡುಕಿ ತಂದ. ನಾನು ತಿದ್ದಲಿಲ್ಲ. ಹಾಗೇ ಅಂದುಕೊಳ್ಳಲಿ.

ಮಾರ್ಚ್ 9, ಭಾನುವಾರ

ಬೋಲ್ಟು ಬರಲಿಲ್ಲ. ಬೆರಳಿನ ಚರ್ಮ ಬಂತು.

ಹದಿನೇಳು ವರ್ಷದ ತುಕ್ಕು. ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ನೀರಿನ ಪೈಪಿನ ತುಂಡು ತೂರಿಸಿ, ಕಾಲಿನಿಂದ ಒದ್ದೂ ನೋಡಿದೆ. ಪೋರ್ಟಿಕೋದ ಬಾಗಿಲಿಗೆ ಮುದುಕಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಒಳಗೆ ಸೆಖೆಯಂತೆ. ನನ್ನ ಫಜೀತಿ ನೋಡುವುದಕ್ಕೆ ಬಂದದ್ದು, ನನಗೆ ಗೊತ್ತಿಲ್ಲವೇ.

"ಬಲವಂತ ಮಾಡಿದ್ರೆ ಮುರಿಯುತ್ತೆ ಕಣೆ" ಎಂದಳು.

"ಮುರಿದ್ರೆ ಮುರೀಲಿ" ಎಂದೆ.

"ಮುರಿದ್ರೆ ನಾನು ಇಲ್ಲೇ ಇರ್ಬೇಕಾಗುತ್ತೆ, ನೋಡ್ಕೋ" ಎಂದಳು. ನಗುತ್ತಿದ್ದಳೋ ಇಲ್ಲವೋ ಗಾಡಿಯ ಕೆಳಗಿನಿಂದ ಕಾಣಲಿಲ್ಲ. ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಎದ್ದು ಬಂದೆ. ದಿನಾ ಸಂಜೆ ಒಂದೊಂದು ಸುತ್ತು ಎಣ್ಣೆ ಹಾಕಬೇಕು.

ಮಾರ್ಚ್ 12, ಬುಧವಾರ

ಅಂಗಡಿಯಿಂದ ಬರುವಷ್ಟರಲ್ಲಿ ಗಾಡಿಯ ಹಿಂದೆ ನೆಲದ ಮೇಲೆ ಎಣ್ಣೆ ಡಬ್ಬಿ, ಅದರ ಪಕ್ಕ ಹಳೆಯ ಬಟ್ಟೆ ಹಾಸಿತ್ತು. ನಾನು ಬರಿಯ ನೆಲದ ಮೇಲೆ ಮಲಗುತ್ತೇನೆ ಎಂದು ಮುದುಕಿ ತನ್ನ ದುಪ್ಪಟಿ ತಂದು ಹಾಸಿದ್ದಾಳೆ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಗ್ಗಿದಳಾ ಹೇಗೆ? ಸರಿಯಾಗಿ ಬೈದೆ. ಮತ್ತೆ ಮುರಿದುಕೊಂಡರೆ ಇನ್ನೂ ಆರು ತಿಂಗಳು ನನ್ನ ತಲೆಯ ಮೇಲೆ. "ಕಾಲಲ್ಲಿ ತಳ್ಳಿ ಹಾಸ್ದೆ" ಎಂದಳು. ಹಟಮಾರಿ.

ಮಾರ್ಚ್ 16, ಭಾನುವಾರ

ಬಂತು. ಎಡಗಡೆ ಬೋಲ್ಟು ಕಿರ್ರೆಂದು ಕೂಗಿ ತಿರುಗಿತು. ನಾನೂ ಕೂಗಿಕೊಂಡೆ ಎಂದು ಮುದುಕಿ ಹೇಳುತ್ತಾಳೆ, ನನಗೆ ನೆನಪಿಲ್ಲ.

ಗಾಡಿಯ ಹಿಂಭಾಗ ಜಾಕಿನಿಂದ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಶಾಕ್ ಅಬ್ಸಾರ್ಬರ್ ಹೊರಗೆ ತೆಗೆದೆ. ಹಳೆಯ ಬುಷ್ ಬಳೆಗೆ ಕಚ್ಚಿಕೊಂಡಿತ್ತು. ಗರಗಸದಲ್ಲಿ ಕೊಯ್ದು ಚೂರು ಚೂರಾಗಿ ಕೀಳಬೇಕಾಯಿತು. ಹೊಸದನ್ನು ಸಾಬೂನು ನೀರಿನಲ್ಲಿ ಅದ್ದಿ, ಉದ್ದನೆಯ ಬೋಲ್ಟು ತೂರಿಸಿ, ಎರಡೂ ಕಡೆ ದಪ್ಪ ವಾಷರ್ ಹಾಕಿ, ನಟ್ಟು ತಿರುಗಿಸುತ್ತ ತಿರುಗಿಸುತ್ತ ಒಳಗೆ ಎಳೆದುಕೊಂಡೆ. ಇದನ್ನು ವಿಡಿಯೋದಲ್ಲಿ ಒಂದು ನಿಮಿಷದಲ್ಲಿ ತೋರಿಸುತ್ತಾರೆ. ನನಗೆ ಮಧ್ಯಾಹ್ನದ ಊಟ ತಪ್ಪಿತು.

ಊಟ ತಪ್ಪಿತು ಎಂದರೆ ಪೂರ್ತಿ ತಪ್ಪಲಿಲ್ಲ. ಕೈ ತುಂಬ ಮಸಿ ಎಂದು ಮುದುಕಿ ಬ್ರೆಡ್ಡಿಗೆ ಜಾಮ್ ಸವರಿ ಬಾಯಿಗಿಟ್ಟಳು. ಬೇಡ ಎಂದರೆ ಕೇಳಬೇಕಲ್ಲ. "ಅವನಿಗೂ ಹೀಗೇ ತಿನ್ನಿಸ್ತಿದ್ದೆ, ಶಾಲೆಗೆ ಹೋಗುವಾಗ" ಎಂದಳು. ಉಳಿದ ತುಂಡನ್ನು ಮಸಿ ಕೈಯಲ್ಲೇ ಇಸಿದುಕೊಂಡು ಗಾಡಿಯ ಕೆಳಗೆ ತೂರಿದೆ.

ಮಾರ್ಚ್ 23, ಭಾನುವಾರ

ಬಲಗಡೆಯೂ ಮುಗಿಯಿತು. ಹಳೆಯ ಬುಷ್‌ಗಳ ಚೂರನ್ನು ಎಸೆಯಲಿಲ್ಲ. ಮುದುಕಿಯ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಅವನ ಕೈಯಲ್ಲಿ ಇಟ್ಟು 'ಇಗೋ ನಿನ್ನ ನೆಪ' ಎಂದು ಹೇಳಿ ಬರಬೇಕು.

ಬೋಲ್ಟುಗಳನ್ನು ಚೆನ್ನಾಗಿ ಬಿಗಿ ಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ, ಒಂದು ಸುತ್ತು ಹೋದೆ. ಚಪ್ಪಡಿಯ ಮೇಲೆ ಲೊಟಕ್ ಇಲ್ಲ. ಅದರ ಬದಲು ಕಿರ್ ಎಂದಿತು. ರಸ್ತೆಯುದ್ದಕ್ಕೂ ಕಿರ್, ಕಿರ್. ಹಿಂಭಾಗ ಮೈ ಬಿಗಿದುಕೊಂಡು ನಿಂತಿದೆ, ಸಣ್ಣ ಹಳ್ಳಕ್ಕೂ ಎಗರಿ ಬೀಳುತ್ತದೆ. ಮೊದಲಿಗಿಂತ ಕಡೆ.

ಮೂರು ಭಾನುವಾರ ಮಣ್ಣುಪಾಲು. ಸ್ಪ್ಯಾನರ್ ಎತ್ತಿ ಗೋಡೆಗೆ ಎಸೆದೆ. ಮುದುಕಿ ಎದ್ದು ಒಳಗೆ ಹೋದಳು. ಆಮೇಲೆ ನೋಡಿದರೆ ಸ್ಪ್ಯಾನರ್ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಿತ್ತು.

ಮಾರ್ಚ್ 24, ಸೋಮವಾರ

ಯಾರ ಮುಖವನ್ನೂ ನೋಡುವುದು ಬೇಡ.

ಮಾರ್ಚ್ 27, ಗುರುವಾರ

ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಇವತ್ತು ಅಂಗಡಿಗೆ ಒಬ್ಬ ಮೇಷ್ಟ್ರು ಬಂದರು. ಹೊಸ ಕನ್ನಡಕ ಮೂಗಿನಿಂದ ಜಾರುತ್ತದೆಯಂತೆ, ಒಂದು ಕಿವಿಯ ಹಿಂದೆ ಗಾಯವಾಗಿದೆಯಂತೆ. ಹೊಸದಾಗಿ ಸೇರಿದ ಹುಡುಗಿ ಅದನ್ನು ಮೇಜಿನ ಮೇಲಿಟ್ಟು ಎರಡೂ ಕಡ್ಡಿ ಸಮ ಮಾಡಿ ಕೊಟ್ಟಿದ್ದಳು. ನಾನು ಗದರಿದೆ. "ಮೇಜಿನ ಮೇಲೆ ಸಮ ಇದ್ರೆ ಏನು ಬಂತು? ಹಾಕ್ಕೊಳ್ಳೋರ ಮುಖದ ಮೇಲೆ ಇಟ್ಟು ನೋಡ್ಬೇಕು. ಅವ್ರ ಒಂದು ಕಿವಿ ಮೇಲಿರುತ್ತೆ, ಒಂದು ಕೆಳಗಿರುತ್ತೆ." ಎಷ್ಟು ವರ್ಷದಿಂದ ಹೇಳುತ್ತಿರುವ ಮಾತು ಇದು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ನನಗೇ ಹೊಳೆಯಿತು.

ಗಾಡಿ ಸ್ಟ್ಯಾಂಡಿನ ಮೇಲೆ ತೂಗಾಡುತ್ತಿದ್ದಾಗ ನಾನು ಬೋಲ್ಟು ಬಿಗಿ ಮಾಡಿದ್ದೆ. ಚಕ್ರಗಳು ಗಾಳಿಯಲ್ಲಿ ಜೋತು ಬಿದ್ದಿದ್ದವು. ರಬ್ಬರನ್ನು ಆ ಭಂಗಿಯಲ್ಲೇ ಕಚ್ಚಿ ಹಿಡಿಸಿಬಿಟ್ಟೆ. ಗಾಡಿ ನೆಲಕ್ಕಿಳಿದು ಭಾರ ಬಿದ್ದ ಕೂಡಲೇ ಅದಕ್ಕೆ ಮೈ ತಿರುಚಿದ ಹಾಗಾಗಿದೆ. ಹಾಗೇ ಓಡಿಸಿದರೆ ಹರಿದೇ ಹೋಗುತ್ತದೆ. ಭಾರ ಹೊತ್ತು ನೆಲದ ಮೇಲೆ ನಿಂತಿರುವಾಗಲೇ ಬಿಗಿ ಮಾಡಬೇಕಿತ್ತು. ಪರರ ಮುಖಕ್ಕೆ ಬಳಸುವ ಬುದ್ಧಿ ನನ್ನ ಗಾಡಿಗೆ ಬರಲಿಲ್ಲ.

ಮನೆಗೆ ಬಂದು ಮುದುಕಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ಭಾರ ಅಂದ್ರೆ ಯಾರದ್ದು?" ಎಂದರು. ಆ ದಾರಿಯಲ್ಲಿ ಹಿಂದೆ ಕೂರುವವರು ಯಾರೋ ಅವರದ್ದೇ, ಎಂದೆ.

ಮಾರ್ಚ್ 30, ಭಾನುವಾರ

ಹಲಗೆಗಳನ್ನು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಜೋಡಿಸಿ, ಗಾಡಿಯನ್ನು ಹಿಂದಕ್ಕೆ ಓಡಿಸಿ ಹಿಂದಿನ ಚಕ್ರ ಅವುಗಳ ಮೇಲೆ ಹತ್ತಿಸಿದೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಇಟ್ಟಿಗೆ. ಈಗ ಗಾಡಿ ತನ್ನ ಕಾಲ ಮೇಲೆ ತಾನು ನಿಂತಿದೆ, ಕೆಳಗೆ ನಾನು ತೂರುವಷ್ಟು ಜಾಗವೂ ಇದೆ. ಮುದುಕಿಯನ್ನು ಸ್ಟೂಲಿನ ಮೇಲೆ ಹತ್ತಿಸಿ, ತೋಳು ಹಿಡಿದು ಹಿಂದಿನ ಸೀಟಿನಲ್ಲಿ ಎಡಗಡೆ ಕೂರಿಸಿದೆ. ಬಲಕ್ಕೆ ಒರಗಿದರೆ ನೋವು ಎಂದು ಅವರು ಯಾವಾಗಲೂ ಕೂರುವುದು ಅಲ್ಲೇ. ಹತ್ತುವಾಗ ನನ್ನ ಭುಜ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆಂದರೆ ಇನ್ನೂ ಬೆರಳಿನ ಗುರುತಿದೆ.

ನಾನು ಕೆಳಗೆ ಮಲಗಿದೆ. ಅವರು ಮೇಲೆ. ನಡುವೆ ಒಂದು ತಗಡು.

"ಇವಳೇ, ಕೆಳಗಿದೀಯಾ?"

"ಇನ್ನೆಲ್ಲಿ ಹೋಗ್ಲಿ?"

"ನಾನು ಕೆಮ್ಮಬಹುದಾ?"

"ಕೆಮ್ಮಿ. ಕುಣೀಬೇಡಿ, ಅಷ್ಟೇ."

ಬೋಲ್ಟು ಸಡಿಲಿಸಿದ ಕೂಡಲೇ ರಬ್ಬರು ತನ್ನ ಜಾಗಕ್ಕೆ ಹೊರಳಿದ್ದು ಸ್ಪ್ಯಾನರಿನಲ್ಲೇ ಗೊತ್ತಾಯಿತು. ಒಂದು ಕ್ಷಣ ಹಾಗೇ ಬಿಟ್ಟೆ. ಆಮೇಲೆ ಬಿಗಿ ಮಾಡತೊಡಗಿದೆ.

ಮೇಲಿನಿಂದ ಮತ್ತೆ ದನಿ ಬಂತು. "ನಾನು ಹೋದ ಮೇಲೆ ಆ ರೂಮು ಏನ್ ಮಾಡ್ತೀಯ?"

"ಬಾಡಿಗೆಗೆ ಕೊಡ್ತೀನಿ."

"ಹಾಗಾದ್ರೆ ಕಿಟಕಿ ಚಿಲಕ ಸರಿ ಮಾಡ್ಸು. ನಿಲ್ಲಲ್ಲ ಅದು. ಚಳಿಗಾಲದಲ್ಲಿ ಗಾಳಿ ನುಗ್ಗುತ್ತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಗಾಡಿಯ ಕೆಳಗೆ ಮಲಗಿದವಳಿಗೆ ಒಂದು ಅನುಕೂಲ, ಮುಖ ತೋರಿಸಬೇಕಾಗಿಲ್ಲ. ಎಡಗಡೆ ಮುಗಿಸಿ ಬಲಗಡೆಗೆ ಹೊರಳಿದಾಗ ಅವರೇ, "ಅವನು ಹೋದ ದಿನ ನೀನು ನನ್ನನ್ನೂ ಆಚೆ ಹಾಕ್ತೀಯ ಅಂದ್ಕೊಂಡಿದ್ದೆ. ಚೀಲ ಕಟ್ಟಿ ಮಂಚದ ಕೆಳಗೆ ಇಟ್ಕೊಂಡಿದ್ದೆ" ಎಂದರು. ಹಾಕಬೇಕೆಂದು ನನಗೂ ಅನ್ನಿಸಿತ್ತು. ಅವತ್ತು ಹಾಕಲಿಲ್ಲ, ಮರುದಿನ ಅಂಗಡಿ ಇತ್ತು, ಹಾಗೇ ಉಳಿದುಹೋಯಿತು. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ.

ಸಂಜೆ ಇಬ್ಬರೂ ಒಂದು ಸುತ್ತು ಹೋದೆವು. ಚಪ್ಪಡಿ ಹತ್ತಿ ಇಳಿದಾಗ ಲೊಟಕ್ ಇಲ್ಲ, ಕಿರ್ ಇಲ್ಲ, ಅಯ್ಯಮ್ಮಾ ಇಲ್ಲ. ಬೀದಿಯ ಕೊನೆವರೆಗೂ ಇಬ್ಬರೂ ಉಸಿರು ಬಿಗಿ ಹಿಡಿದು ಕೂತಿದ್ದೆವು. "ಗಾಡಿ ಸ್ಟಾರ್ಟ್ ಆಗಿದೆ ತಾನೇ?" ಎಂದರು ಅತ್ತೆ. ನನಗೆ ನಗು ತಡೆಯಲಾಗಲಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತೇ ಹೋಗಬೇಕೆಂದಿತ್ತು. ಆದರೆ ಅಷ್ಟು ದೂರದ ದಾರಿ, ಒಂದು ವಾರದ ಬಿಗಿಯನ್ನು ನಂಬುವುದು ಹೇಗೆ? ಪರೀಕ್ಷೆ ಮಾಡಲೇಬೇಕು. ಅತ್ತೆಯನ್ನು ಕೂರಿಸಿಕೊಂಡು ಹಳೆಯ ಸೇತುವೆಯವರೆಗೆ ಹೋಗಿ ಬಂದೆ. ಅವರಿಲ್ಲದೆ ಪರೀಕ್ಷೆ ಮಾಡಿದರೆ ಲೆಕ್ಕಕ್ಕಿಲ್ಲ. ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಚಹಾ ಕುಡಿದೆವು. ಅವರು ಲೋಟ ಹಿಡಿದುಕೊಂಡು ನೀರು ನೋಡುತ್ತ ಬಹಳ ಹೊತ್ತು ಕೂತಿದ್ದರು. ಅವರ ಕನ್ನಡಕದಲ್ಲಿ ಮೂಗಿನ ಮೇಲೆ ಕೂರುವ ಒಂದು ಗುಂಡಿ ಸವೆದಿದೆ. ಹೊಸದು ಹಾಕಿಕೊಡಬೇಕು. ದಾರಿಯಲ್ಲಿ ಬಿದ್ದು ಒಡೆದರೆ ಅದಕ್ಕೂ ನಾನೇ ಹೊಣೆ.

ಏಪ್ರಿಲ್ 13, ಭಾನುವಾರ

ಇನ್ನೊಂದು ಪರೀಕ್ಷೆ. ಈ ಸಲ ಕಲ್ಲು ಎದ್ದಿರುವ ಹಳೆಯ ರಸ್ತೆಯಲ್ಲೇ ಹೋದೆ. ಏನೂ ಸದ್ದಿಲ್ಲ. ಮತ್ತೆ ಚಹಾ. ಬಲಗಡೆ ಏನೋ ಸಣ್ಣಗೆ ಕೇಳಿಸಿದ ಹಾಗಾಯಿತು, ಇನ್ನೊಂದು ವಾರ ನೋಡೋಣ ಎಂದೆ.

"ನಂಗೇನೂ ಕೇಳಿಸ್ಲಿಲ್ಲ" ಎಂದರು ಅತ್ತೆ.

"ನಿಮ್ಮ ಕಿವಿ ಮಂದ."

"ಕಿವಿ ಚೆನ್ನಾಗೇ ಇದೆ. ಗಾಡಿ ಸರಿಯಾಗಿದೆ. ಅವನಿಗೆ ಫೋನ್ ಮಾಡು, ಬರೋ ಭಾನುವಾರ ಬರ್ತೀವಿ ಅಂತ." ಲೋಟ ಕೆಳಗಿಟ್ಟು, "ಹೆತ್ತ ಮಗ ಕಣೆ. ಒಂದು ವರ್ಷ ಆಯ್ತು ಮುಖ ನೋಡಿ" ಎಂದರು.

ಸರಿಯಾದ ಮಾತೇ. ನನಗೂ ಬೇಕಾದದ್ದು ಇದೇ ಅಲ್ಲವೇ. ಇಷ್ಟಕ್ಕೇ ತಾನೇ ಕೈ ಸುಲಿದುಕೊಂಡದ್ದು. ಆದರೂ ಮೈಯೆಲ್ಲ ಉರಿಯಿತು. ನಾನು ಕೆಳಗೆ ಬಿದ್ದು ಒದ್ದಾಡುವಾಗ ಇವರು ಬ್ರೆಡ್ಡು ತಿನ್ನಿಸಿದ್ದು, ಬಟ್ಟೆ ಹಾಸಿದ್ದು, ಎಲ್ಲ ಬೇಗ ಮಗನ ಹತ್ತಿರ ಹೋಗುವುದಕ್ಕೆ. ನಾನೊಬ್ಬಳು ಬೆಪ್ಪು, ಏನೇನೋ ಅಂದುಕೊಂಡಿದ್ದೆ. ಏನು ಅಂದುಕೊಂಡಿದ್ದೆ ಎಂದು ಕೇಳಿದರೆ ಅದೂ ಗೊತ್ತಿಲ್ಲ. ಫೋನ್ ಮಾಡಿದೆ. ಈ ಸಲ ಅವನಿಗೆ ನೆಪ ಸಿಗಲಿಲ್ಲ. "ಆಯ್ತು, ಕರ್ಕೊಂಡು ಬಾ" ಎಂದ.

ಏಪ್ರಿಲ್ 19, ಶನಿವಾರ

ಅತ್ತೆಯ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿದೆ. ಬಾಡಿಗೆಗೆ ಬರುವವರು ಕೇಳುತ್ತಾರಲ್ಲ. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಚಿಲಕ ಒಂದು ಸಲ ತೆಗೆದು ಹಾಕಿ, "ಚೆನ್ನಾಗಿ ಕೂತಿದೆ" ಎಂದರು. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದೆ. ಬಹಳ ಸಣ್ಣ ಚೀಲ.

ಏಪ್ರಿಲ್ 20, ಭಾನುವಾರ

ಇಳಿಸಿ ಬಂದೆ.

ದಾರಿಯಲ್ಲಿ ಒಂದು ಸದ್ದಿಲ್ಲ. ಅತ್ತೆಗೆ ಎರಡು ಸಲ ನಿದ್ದೆಯೂ ಬಂತು. ಕನ್ನಡಿಯಲ್ಲಿ ನೋಡಿದರೆ ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಾನು ಇನ್ನೂ ನಿಧಾನ ಮಾಡಿದೆ.

ಅವನು ಕೆಳಗೆ ಬಂದು ನಿಂತಿದ್ದ. ತೂಕ ಹೆಚ್ಚಿದೆ, ಕೂದಲಿಗೆ ಬಣ್ಣ. ಆ ಹೆಂಗಸು ಬಾಗಿಲಲ್ಲೇ ನಿಂತು ನೀರಿನ ಲೋಟ ಹಿಡಿದಿದ್ದಳು. ಚೀಲದ ಗಾತ್ರ ನೋಡಿ ಅವಳ ಮುಖ ಸ್ವಲ್ಪ ಹಗುರಾಯಿತು, ನಾಲ್ಕು ದಿನಕ್ಕೆ ಬಂದಿದ್ದಾರೆ ಎಂದುಕೊಂಡಳೋ ಏನೋ. ನಾನು ಅತ್ತೆಯ ತೋಳು ಹಿಡಿದು ಇಳಿಸಿದೆ. ಅವರು ನನ್ನ ಭುಜ ಬಿಟ್ಟು ಅವನ ಭುಜ ಹಿಡಿದರು.

"ಅಷ್ಟು ದೂರ ಕೂತ್ಕೊಂಡು ಬಂದ್ಯಲ್ಲಮ್ಮ, ಬೆನ್ನು ನೋವಾಗ್ಲಿಲ್ವಾ?" ಎಂದ ಅವನು.

ಅತ್ತೆ ಅವನ ಮುಖ ನೋಡಿದರು, ಬಾಗಿಲಲ್ಲಿ ನಿಂತವಳ ಮುಖ ನೋಡಿದರು. ನನ್ನ ಮುಖ ನೋಡಲಿಲ್ಲ. "ಒಂದಿಷ್ಟೂ ಇಲ್ಲ ಕಣೋ. ಸದ್ದೇ ಇಲ್ಲ. ನೀನಿದ್ದಾಗ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೆ ಗಾಡಿನ, ಇನ್ನೂ ಹಾಗೇ ಇದೆ. ನಿನ್ನ ಕೈಗುಣ" ಎಂದರು.

ಅವನು ನಕ್ಕ. ನಿಜವೆಂದೇ ನಂಬಿದ. ನನ್ನ ಬ್ಯಾಗಿನಲ್ಲಿ ಆ ಕನ್ನಡಕದ ಪೆಟ್ಟಿಗೆ ಇತ್ತು. ಕೈ ಹಾಕಿ ಅದನ್ನು ಮುಟ್ಟಿಯೂ ನೋಡಿದೆ. ತೆಗೆದು ಕೊಡಲಿಲ್ಲ. ಅವರು ಅಲ್ಲಿ ಇರಬೇಕಾದವರು. ಅಲ್ಲಿ ಅನ್ನ ಹಾಕುವವನು ಅವನು. ಇದು ನನಗೆ ಅರ್ಥವಾಗದ್ದೇನಲ್ಲ. ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ನೋವು ಕಡಿಮೆಯಾಗಬೇಕೆಂದೇನೂ ಇಲ್ಲ.

ಬರುವಾಗ ಹಿಂದಿನ ಸೀಟು ಖಾಲಿ. ಗಾಡಿ ಹಗುರಾಗಿ, ಹಳ್ಳಗಳ ಮೇಲೆ ಸ್ವಲ್ಪ ಎಗರುತ್ತಿತ್ತು. ಅವರ ತೂಕಕ್ಕೆ ಬಿಗಿ ಮಾಡಿದ ಗಾಡಿ, ಬರೀ ನನಗೆ ಸರಿಹೊಂದುವುದಿಲ್ಲ. ತಿರುಗಿ ನೋಡದೆ ಬರುತ್ತೇನೆ ಎಂದಿದ್ದೆ. ನೋಡಿದೆ. ಅವರು ಒಳಗೆ ಹೋಗಿಯಾಗಿತ್ತು.

ಏಪ್ರಿಲ್ 24, ಗುರುವಾರ

ಮನೆ ನಿಶ್ಶಬ್ದ. ಒಳ್ಳೆಯದೇ ಆಯಿತು. ಬಾಡಿಗೆಗೆ ಕೇಳಿಕೊಂಡು ಒಬ್ಬಳು ನರ್ಸ್ ಬಂದಿದ್ದಳು. ಕೋಣೆ ಇನ್ನೂ ಖಾಲಿಯಾಗಿಲ್ಲ ಎಂದು ಕಳಿಸಿದೆ. ಗುಡಿಸಿ ಸಾರಿಸಿ ಕೊಡಬೇಕಲ್ಲ, ಆತುರವೇನು.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಅವನ ಫೋನ್. ಮಾತು ಶುರುಮಾಡಿದ ರೀತಿಯಲ್ಲೇ ಗೊತ್ತಾಯಿತು, ಏನೋ ಬೇಕಾಗಿದೆ.

"ಅಮ್ಮ ದಿನಾ ಅದೇ ಹೇಳ್ತಾರೆ, ಗಾಡಿ ಎಷ್ಟು ಚೆನ್ನಾಗಿದೆ ಅಂತ. ಇಲ್ಲಿ ಆಸ್ಪತ್ರೆಗೆ ಅವ್ರನ್ನ ಕರ್ಕೊಂಡು ಓಡಾಡೋಕೆ ಗಾಡಿ ಬೇಕೇ ಬೇಕು. ಹೇಗೂ ನನ್ನ ಹೆಸರಲ್ಲೇ ಇದೆಯಲ್ಲ. ಶನಿವಾರ ಬಂದು ತಗೊಂಡು ಹೋಗ್ತೀನಿ."

"ಕುಟ್ಟುತ್ತೆ ಅಂತ ಬಿಟ್ಟು ಹೋದ ಗಾಡಿ ಅದು" ಎಂದೆ.

"ಕುಟ್ಟಲ್ವಂತಲ್ಲ ಈಗ."

"ಅತ್ತೆ ಕೈಗೆ ಕೊಡು ಫೋನು."

"ಮಲಗಿದಾರೆ."

ಬೆಳಿಗ್ಗೆ ಹತ್ತು ಗಂಟೆಗೆ ಅವರು ಎಂದೂ ಮಲಗಿದವರಲ್ಲ. ಆ ಹೊತ್ತಿಗೆ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂರುತ್ತಾರೆ. ಅಲ್ಲಿ ಬಾಗಿಲಲ್ಲಿ ಕೂರಲು ಬಿಡುತ್ತಾರೋ ಇಲ್ಲವೋ.

ಗಾಡಿ ಒಯ್ಯಲಿ. ಆದರೆ ಹೇಗೆ ಬಿಟ್ಟು ಹೋದನೋ ಹಾಗೇ ಒಯ್ಯಲಿ. ಹಳೆಯ ಬುಷ್ ಪೆಟ್ಟಿಗೆಯಲ್ಲಿದೆ. ಹೊಸದನ್ನು ಕಿತ್ತು ಆ ಚೂರುಗಳನ್ನೇ ತುರುಕಿ ಕೊಡುತ್ತೇನೆ. ಅವನ ಕೈಗುಣ ಅವನಿಗೇ ಇರಲಿ.

ಮೇ 2, ಶುಕ್ರವಾರ

ಸಂಜೆ ಬೇಗ ಬಂದು ಹಲಗೆ ಜೋಡಿಸಿ ಗಾಡಿ ಹತ್ತಿಸಿದೆ. ಆ ದುಪ್ಪಟಿಯನ್ನೇ ಹಾಸಿಕೊಂಡು ಕೆಳಗೆ ಮಲಗಿದೆ. ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡೆ. ಎಡಗಡೆ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಈಗ ಅದು ಎಣ್ಣೆ ಕುಡಿದ ಬೋಲ್ಟು, ಒಂದು ಜಗ್ಗಿಗೆ ಬರುತ್ತದೆ.

ಅವನಿಗೆ ಲೊಟಕ್ ಕೇಳಿಸಬೇಕು ಎಂದಷ್ಟೇ ನಾನು ಅಂದುಕೊಂಡಿದ್ದೆ. ಲೊಟಕ್ ಆದ ಮೇಲೆ ಇನ್ನೊಂದು ಬರುತ್ತದಲ್ಲ, ಹಿಂದಿನ ಸೀಟಿನಿಂದ, ಅದನ್ನು ಮರೆತಿದ್ದೆ. ಸ್ಪ್ಯಾನರ್ ಹಿಡಿದುಕೊಂಡು ಎಷ್ಟು ಹೊತ್ತು ಹಾಗೇ ಮಲಗಿದ್ದೆನೋ. ಆ ಮನುಷ್ಯನಿಗೆ ಒಂದು ಏಟು ಹೊಡೆಯಬೇಕೆಂದರೂ ನಡುವೆ ಅವರನ್ನು ತಂದು ಕೂರಿಸಿಕೊಂಡಿದ್ದಾನೆ. ಅಳು ಬಂತು. ಮಸಿ ಕೈಯಲ್ಲೇ ಒರೆಸಿಕೊಂಡೆ, ಕಣ್ಣು ಉರಿಯಿತು, ಅದಕ್ಕೂ ಅತ್ತುಬಿಟ್ಟೆ.

ಕೊನೆಗೆ ಎರಡೂ ಬೋಲ್ಟು ಬಿಗಿಯಾಗಿವೆಯೇ ಎಂದು ನೋಡಿ ಎದ್ದು ಬಂದೆ. ಬಿಗಿಯಾಗಿಯೇ ಇವೆ. ಪೆಟ್ಟಿಗೆಯನ್ನು ಕಸಕ್ಕೆ ಹಾಕಿದೆ.

ಮೇ 3, ಶನಿವಾರ

ಅವನು ಬಸ್ಸಿಳಿದು ಬಂದ. ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಅವನೂ ಕಾಯಲಿಲ್ಲ. ಹಿಂಭಾಗವನ್ನು ಕೈಯಿಂದ ಒತ್ತಿ ಒತ್ತಿ ನೋಡಿದ. ತಾನೇ ಮಾಡಿದ ಹಾಗೆ ತಲೆಯಾಡಿಸಿದ. ಬೀಗದ ಕೈ ಕೊಟ್ಟೆ.

"ಅತ್ತೆಯನ್ನ ಎಡಗಡೆ ಕೂರ್ಸು. ಬಲಕ್ಕೆ ಒರಗಿದ್ರೆ ನೋವು. ಗಾಡಿನೂ ಹಾಗೇ ಬಿಗಿ ಮಾಡಿದೀನಿ, ಅವ್ರು ಅಲ್ಲಿ ಕೂತ್ರೆ ಕುಲುಕಲ್ಲ."

"ಗೊತ್ತು, ಗೊತ್ತು" ಎಂದ. ಏನು ಗೊತ್ತು ಅವನಿಗೆ.

"ಹಳ್ಳ ಬಂದ್ರೆ ನಿಧಾನ."

"ಆಯ್ತು."

ಅತ್ತೆ ಏನಾದರೂ ಹೇಳಿ ಕಳಿಸಿದ್ದಾರೆಯೇ ಎಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಗಾಡಿ ಸ್ಟಾರ್ಟ್ ಮಾಡಿದ.

ನಾನು ಗೇಟು ಹಿಡಿದುಕೊಂಡು ನಿಂತೆ. ಮುಂದಿನ ಚಕ್ರ ಚಪ್ಪಡಿ ಹತ್ತಿ ಇಳಿಯಿತು. ಆಮೇಲೆ ಹಿಂದಿನದು. ನಿಧಾನ ಮಾಡು ಎಂದಿದ್ದರೂ ಅವನು ಮಾಡಲಿಲ್ಲ, ಜೋರಾಗಿಯೇ ಹತ್ತಿಸಿದ. ನಾನು ಕಿವಿ ಕೊಟ್ಟು ನಿಂತಿದ್ದೆ. ಒಂದು ಸಣ್ಣ ಸದ್ದಾದರೂ ಬರಲಿ ಎಂದು ಒಂದು ಕ್ಷಣ ಹಾರೈಸಿದೆ, ದೇವರಾಣೆಗೂ. ಬರಲಿಲ್ಲ. ಎದುರುಮನೆಯಲ್ಲಿ ಯಾರೂ ಕಿಟಕಿಯಿಂದ ಇಣುಕಲೂ ಇಲ್ಲ. ಗಾಡಿ ಹೋದದ್ದು ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹಾಳಾಗಿ ಹೋಗಲಿ, ಎಷ್ಟು ಚೆನ್ನಾಗಿ ಮಾಡಿದ್ದೇನೆ.